ಯುದ್ಧವಿಲ್ಲದೆ ಸಾಯುವ ಯೋಧರು

ಸೈನಿಕನೊಬ್ಬ ಸತ್ತನೆಂಬ ಸುದ್ದಿ ಬಂದರೆ ಶತ್ರುವಿನ ಗುಂಡಿಗೆ ಬಲಿಯಾದನೆಂದೇ ನಾವು ಭಾವಿಸುತ್ತೇವೆ. ಆದರೆ ಶಾಂತಿಕಾಲದ ತರಬೇತಿಯಲ್ಲಿ, ತಮ್ಮನ್ನು ರಕ್ಷಿಸಬೇಕಾದ ಉಕ್ಕಿನ ವಾಹನದೊಳಗೇ ಪ್ರಾಣ ಬಿಡುವವರೂ ಇದ್ದಾರೆ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು 2021ರ ಜುಲೈಯಲ್ಲಿ ನೀಡಿದ ವರದಿಯ ಪ್ರಕಾರ, 2010ರಿಂದ 2019ರವರೆಗೆ ಅಲ್ಲಿನ ಭೂಸೇನೆ ಹಾಗೂ ಮರೀನ್ ದಳದ ಸೇನಾ ವಾಹನಗಳು ಯುದ್ಧೇತರ ಸಂದರ್ಭಗಳಲ್ಲಿ 3,753 ಅಪಘಾತಗಳಿಗೆ ಈಡಾಗಿವೆ. ಸತ್ತವರು 123 ಮಂದಿ. ಚಾಲಕರ ಅಜಾಗ್ರತೆ, ಮೇಲ್ವಿಚಾರಣೆಯ ಲೋಪ, ತರಬೇತಿಯ ಕೊರತೆ ಇವು ವರದಿ ತೋರಿಸಿದ ಮುಖ್ಯ ಕಾರಣಗಳು.

ಕರಾವಳಿಯವರಾದ ನಮಗೆ ಇವುಗಳಲ್ಲಿ ಒಂದು ದುರಂತ ಸುಲಭವಾಗಿ ಅರ್ಥವಾದೀತು. 2020ರ ಜುಲೈ 30ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಕ್ಲೆಮೆಂಟೆ ದ್ವೀಪದ ಬಳಿ, ನೆಲದಲ್ಲೂ ನೀರಲ್ಲೂ ಚಲಿಸುವ ಕವಚವಾಹನವೊಂದು ಹಡಗಿಗೆ ಹಿಂತಿರುಗುವಾಗ ಮುಳುಗಿತು. ಒಳಗಿದ್ದ 16 ಮಂದಿಯಲ್ಲಿ ಎಂಟು ಮರೀನ್ ಯೋಧರು ಹಾಗೂ ಒಬ್ಬ ನಾವಿಕ ಅಸುನೀಗಿದರು.

ಅದು ಕ್ಷಣಮಾತ್ರದಲ್ಲಿ ನಡೆದ ಅವಘಡವಲ್ಲ. ಸುಮಾರು ಮುಕ್ಕಾಲು ಗಂಟೆ ಕಾಲ ನೀರು ಒಳಸೇರುತ್ತಲೇ ಇತ್ತು. ದಶಕಗಳಷ್ಟು ಹಳೆಯದಾದ ಆ ವಾಹನದ ದುರಸ್ತಿ ಸರಿಯಾಗಿ ಆಗಿರಲಿಲ್ಲ. ನೀರು ಹೊರಹಾಕುವ ಪಂಪುಗಳು ಸಾಕಾಗಲಿಲ್ಲ. ಕತ್ತಲಲ್ಲಿ ದಾರಿ ತೋರಬೇಕಾದ ತುರ್ತು ದೀಪಗಳು ಉರಿಯಲಿಲ್ಲ. ಮುಳುಗಿದ ವಾಹನದಿಂದ ಪಾರಾಗುವ ತರಬೇತಿಯನ್ನು ಹಲವರು ಪೂರ್ಣಗೊಳಿಸಿರಲಿಲ್ಲ. ಪಕ್ಕದಲ್ಲಿ ಇರಬೇಕಾದ ರಕ್ಷಣಾ ದೋಣಿಗಳೂ ಇರಲಿಲ್ಲ. ಹೊರಬರುವ ಆದೇಶ ತಡವಾಯಿತು. ತನಿಖೆಯ ಬಳಿಕ ಹಲವು ಅಧಿಕಾರಿಗಳು ಹುದ್ದೆ ಕಳೆದುಕೊಂಡರು. 2021ರ ಡಿಸೆಂಬರ್‌ನಲ್ಲಿ ಈ ಬಗೆಯ ವಾಹನಗಳನ್ನು ತುರ್ತು ಸಂದರ್ಭ ಬಿಟ್ಟರೆ ನೀರಿಗಿಳಿಸಬಾರದೆಂದು ಮರೀನ್ ದಳ ತೀರ್ಮಾನಿಸಿತು.

ತಳದಲ್ಲಿ ನೀರು ಕಂಡ ಬೋಟನ್ನು ನಮ್ಮ ತಾಂಡೇಲರು ಕಡಲಿಗೆ ಒಯ್ಯುವುದಿಲ್ಲ. ಅಷ್ಟು ಸರಳವಾದ ವಿವೇಕ ಜಗತ್ತಿನ ಅತ್ಯಂತ ಶ್ರೀಮಂತ ಸೇನೆಯಲ್ಲಿ ಏಕೆ ಸೋತಿತು? ಅಭ್ಯಾಸದ ದಿನಾಂಕ ನಿಗದಿಯಾಗಿತ್ತು. ಅದನ್ನು ಮುಂದೂಡಲು ಯಾರೂ ಮುಂದಾಗಲಿಲ್ಲ. ಪ್ರತಿ ಹಂತದಲ್ಲೂ ಒಂದೊಂದು ಸಣ್ಣ ಲೋಪವನ್ನು 'ನಡೆದೀತು' ಎಂದು ಬಿಟ್ಟುಬಿಡಲಾಯಿತು. ಎಲ್ಲ ಲೋಪಗಳೂ ಒಂದೇ ದಿನ ಒಟ್ಟುಗೂಡಿದವು.

ನಮ್ಮ ದೇಶವೂ ಇಂತಹ ನೋವನ್ನು ಕಂಡಿದೆ. 2022ರ ಅಕ್ಟೋಬರ್‌ನಲ್ಲಿ ಝಾನ್ಸಿ ಸಮೀಪದ ಬಬೀನಾದಲ್ಲಿ ಗುಂಡು ಹಾರಿಸುವ ಅಭ್ಯಾಸದ ವೇಳೆ ಟಿ-90 ಟ್ಯಾಂಕಿನ ನಳಿಗೆ ಸಿಡಿದು ಇಬ್ಬರು ಮೃತಪಟ್ಟರು. 2024ರ ಜೂನ್ 28ರ ರಾತ್ರಿ ಪೂರ್ವ ಲಡಾಖ್‌ನ ಶ್ಯೋಕ್ ನದಿಯಲ್ಲಿ ತರಬೇತಿ ಮುಗಿಸಿ ಮರಳುತ್ತಿದ್ದ ಟಿ-72 ಟ್ಯಾಂಕ್ ಸಿಲುಕಿಕೊಂಡು ಐವರು ಯೋಧರು ಪ್ರಾಣ ತೆತ್ತರು. ನೀರಿನ ಮಟ್ಟ ಹಠಾತ್ತನೆ ಏರಿದ್ದರಿಂದ ರಕ್ಷಣಾ ಕಾರ್ಯ ಸಫಲವಾಗಲಿಲ್ಲವೆಂದು ಸೇನೆ ತಿಳಿಸಿತು. ಟಿ-72 ನಮ್ಮ ಸೇನೆಗೆ ಸೇರಿ ನಾಲ್ಕು ದಶಕಗಳು ದಾಟಿವೆ. ಇವುಗಳಿಗಾಗಿ 1,000 ಅಶ್ವಶಕ್ತಿಯ ಹೊಸ ಎಂಜಿನ್‌ಗಳನ್ನು ಪಡೆಯಲು 2025ರ ಮಾರ್ಚ್‌ನಲ್ಲಿ ರಷ್ಯಾದೊಂದಿಗೆ 24.8 ಕೋಟಿ ಡಾಲರಿನ ಒಪ್ಪಂದವಾಯಿತು. ಇದು ಸ್ವಾಗತಾರ್ಹ. ಆದರೆ ಬಿಡಿಭಾಗ, ತಪಾಸಣೆ, ನದಿ ದಾಟುವ ಮುನ್ನ ನೀರಿನ ಅಂದಾಜು, ರಕ್ಷಣಾ ಸಿದ್ಧತೆ ಇವಕ್ಕೂ ಅಷ್ಟೇ ಗಮನ ಸಲ್ಲಬೇಕು.

ಯುದ್ಧದ ಬಗ್ಗೆ ಧರ್ಮಸಭೆಯ ನಿಲುವು ಸ್ಪಷ್ಟ: ಶಾಂತಿಯೇ ನಮ್ಮ ಹಂಬಲ. ಹಾಗಿದ್ದರೂ, ತಮ್ಮ ಕರ್ತವ್ಯವನ್ನು ಸರಿಯಾಗಿ ನಿರ್ವಹಿಸುವ ಸೈನಿಕರು ಜನರ ಸುರಕ್ಷತೆಯ ಸೇವಕರೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಗೌರವದಿಂದ ಕಂಡಿತು. ಸೇವಕನ ಜೀವವನ್ನು ಒಡೆಯನು ಹಗುರವಾಗಿ ಕಾಣುವಂತಿಲ್ಲ. ಆದೇಶ ಪಾಲಿಸುವ ಯುವಕನಿಗೆ ಸುಸ್ಥಿತಿಯ ವಾಹನ ಕೊಡುವುದು ಆದೇಶ ನೀಡುವವನ ನೈತಿಕ ಹೊಣೆ. "ಈ ವಾಹನ ಸರಿಯಿಲ್ಲ" ಎಂದು ಹೇಳುವ ಮೆಕ್ಯಾನಿಕನ ಮಾತಿಗೆ ಬೆಲೆ ಇರಬೇಕು.

ಈ ಪಾಠ ಸೇನೆಗಷ್ಟೇ ಸೀಮಿತವಲ್ಲ. ಶಾಲಾ ವಾಹನ, ಮೀನುಗಾರಿಕಾ ಬೋಟು, ಹಬ್ಬದ ದಿನದ ವಿದ್ಯುತ್ ದೀಪಾಲಂಕಾರ ಇವೆಲ್ಲ ನಮ್ಮ ಧರ್ಮಕೇಂದ್ರಗಳ ಹೊಣೆಗೂ ಬರುತ್ತವೆ. ಅಲ್ಪವಾದುದರಲ್ಲಿ ನಿಷ್ಠೆಯನ್ನು ಪ್ರಭು ಯೇಸು ಕೇಳಿದ್ದಾರೆ. ಮುಂದಿನ ಭಾನುವಾರದ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಗಡಿ ಕಾಯುವವರನ್ನೂ ಅವರ ವಾಹನಗಳ ದುರಸ್ತಿ ಮಾಡುವವರನ್ನೂ ಒಟ್ಟಿಗೆ ನೆನೆಯೋಣ.