ಗಡ್ಡೆಯ ಅಳತೆಯೊಂದೇ ಸಾಕ್ಷಿಯಲ್ಲ

ಕ್ಯಾನ್ಸರ್ ಚಿಕಿತ್ಸೆಯ ಬಳಿಕ ಸ್ಕ್ಯಾನ್ ವರದಿ ಕೈಗೆ ಬಂದಾಗ ಮನೆಯವರ ಕಣ್ಣು ಮೊದಲು ಅರಸುವುದು ಒಂದೇ ಅಂಕಿಯನ್ನು: ಗಡ್ಡೆ ಈಗ ಎಷ್ಟು ಸೆಂಟಿಮೀಟರ್ ಇದೆ? ಇಳಿದಿದ್ದರೆ ಹರ್ಷ, ಏರಿದ್ದರೆ ಹತಾಶೆ. ಬೆಳಕಿನಿಂದ ಮಾಡುವ ಚಿಕಿತ್ಸೆಯ ವಿಷಯದಲ್ಲಿ ಈ ರೂಢಿ ರೋಗಿಯನ್ನೂ ಬಂಧುಗಳನ್ನೂ ದಾರಿತಪ್ಪಿಸುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಫೋಟೋಡೈನಮಿಕ್ ಥೆರಪಿ ಎಂಬ ಈ ಪದ್ಧತಿಯ ಬೇರು ಹಳೆಯದು. ಅಕ್ರಿಡಿನ್ ಎಂಬ ರಾಸಾಯನಿಕದಲ್ಲಿದ್ದ ಸೂಕ್ಷ್ಮಜೀವಿಗಳು ಬೆಳಕು ಬಿದ್ದಾಗ ಬೇಗ ಸಾಯುವುದನ್ನು ಮ್ಯೂನಿಕ್ ನಗರದ ವಿದ್ಯಾರ್ಥಿ ಆಸ್ಕರ್ ರಾಬ್ 1900ರಲ್ಲಿ ಪ್ರಕಟಿಸಿದನು. 1970ರ ದಶಕದಲ್ಲಿ ಅಮೆರಿಕದ ಥಾಮಸ್ ಡೌಘರ್ಟಿ ಇದನ್ನು ಕ್ಯಾನ್ಸರ್ ಚಿಕಿತ್ಸೆಯಾಗಿ ಬೆಳೆಸಿದರು. ಅನ್ನನಾಳದ ಕ್ಯಾನ್ಸರಿಗೆ ಫೋಟೋಫ್ರಿನ್ ಔಷಧವನ್ನು ಬಳಸಲು ಅಲ್ಲಿ 1995ರಲ್ಲಿ ಅನುಮತಿ ದೊರೆಯಿತು. ಔಷಧವನ್ನು ರಕ್ತನಾಳದ ಮೂಲಕ ನೀಡಿ, ಸುಮಾರು ಎರಡು ದಿನಗಳ ನಂತರ 630 ನ್ಯಾನೋಮೀಟರ್ ತರಂಗಾಂತರದ ಕೆಂಪು ಲೇಸರ್ ಬೆಳಕನ್ನು ಗಡ್ಡೆಯ ಮೇಲೆ ಹಾಯಿಸುತ್ತಾರೆ. ಔಷಧ, ಬೆಳಕು, ಆಮ್ಲಜನಕ ಮೂರೂ ಕೂಡಿದಲ್ಲಿ ಮಾತ್ರ ಜೀವಕೋಶಗಳು ಸಾಯುತ್ತವೆ. ಗಡ್ಡೆಯನ್ನು ಪೋಷಿಸುವ ಕಿರುರಕ್ತನಾಳಗಳೂ ಮುಚ್ಚಿಹೋಗುತ್ತವೆ. ಬಿಸಿಲಿಗೆ ಮೈಯೊಡ್ಡಿದರೆ ಕ್ಯಾನ್ಸರ್ ಕರಗುತ್ತದೆಂಬ ಮಾತಿಗೂ ಇದಕ್ಕೂ ಸಂಬಂಧವಿಲ್ಲ. ಈ ಔಷಧ ಪಡೆದವರು ಕನಿಷ್ಠ ಒಂದು ತಿಂಗಳು ಬಿಸಿಲಿನಿಂದ ದೂರವೇ ಇರಬೇಕು.

ಸತ್ತ ಅಂಗಾಂಶ ಮರುದಿನವೇ ಮಾಯವಾಗುವುದಿಲ್ಲ. ಅದು ಇದ್ದಲ್ಲಿಯೇ ಇರುತ್ತದೆ. ಸುತ್ತಲೂ ಬಾವು ಬಂದು ನೀರು ತುಂಬುತ್ತದೆ. ಆದ್ದರಿಂದ ಚಿಕಿತ್ಸೆ ಚೆನ್ನಾಗಿ ಫಲಿಸಿದ್ದರೂ ಮೊದಲ ವಾರದ ಚಿತ್ರದಲ್ಲಿ ಗಡ್ಡೆ ದೊಡ್ಡದಾಗಿಯೇ ಕಾಣಬಹುದು. 2000ದಲ್ಲಿ ಪ್ರಕಟವಾದ ರೆಸಿಸ್ಟ್ ಎಂಬ ಅಂತಾರಾಷ್ಟ್ರೀಯ ಮಾನದಂಡವು, ಆಯ್ದ ಗಡ್ಡೆಗಳ ಉದ್ದಳತೆಯ ಮೊತ್ತ ಶೇ. 30ರಷ್ಟಾದರೂ ತಗ್ಗಿದರೆ ಅದನ್ನು ಭಾಗಶಃ ಫಲವೆಂದು ಗಣಿಸುತ್ತದೆ. ಔಷಧ ಪ್ರಯೋಗಗಳಿಗೆ ಉಪಯುಕ್ತವಾದ ಆ ಅಳತೆಗೋಲು ಇಲ್ಲಿ, ಅದರಲ್ಲೂ ಆರಂಭದ ದಿನಗಳಲ್ಲಿ, ಸಾಲದು.

ಕೇಳಬೇಕಾದ ಪ್ರಶ್ನೆ ಬೇರೆ: ಗಡ್ಡೆಯೊಳಗೆ ಇನ್ನೂ ರಕ್ತ ಹರಿಯುತ್ತಿದೆಯೇ? ಕಾಂಟ್ರಾಸ್ಟ್ ದ್ರವ ನೀಡಿ ತೆಗೆದ ಎಂಆರ್‌ಐ ಅಥವಾ ಸಿಟಿ ಚಿತ್ರದಲ್ಲಿ ರಕ್ತ ತಲುಪಿದ ಭಾಗ ಬೆಳಗುತ್ತದೆ, ಸತ್ತ ಭಾಗ ಕಪ್ಪಾಗಿ ಉಳಿಯುತ್ತದೆ. 2017ರಲ್ಲಿ ಯುರೋಪಿನಲ್ಲಿ ಅನುಮತಿ ಪಡೆದ ಪ್ಯಾಡೆಲಿಪೋರ್ಫಿನ್ ಔಷಧದ ಅಧ್ಯಯನಗಳಲ್ಲಿ, ಪ್ರಾಸ್ಟೇಟ್ ಕ್ಯಾನ್ಸರಿನ ಚಿಕಿತ್ಸೆ ನಡೆದ ಒಂದು ವಾರಕ್ಕೆ ವೈದ್ಯರು ಎಂಆರ್‌ಐ ಮಾಡಿ ನೋಡಿದ್ದು ಈ ಕಪ್ಪು ಪ್ರದೇಶವನ್ನೇ. ಪೆಟ್ ಸ್ಕ್ಯಾನ್ ಸಕ್ಕರೆಯನ್ನು ಹೀರುವ ಕೋಶಗಳನ್ನು ತೋರಿಸುತ್ತದೆ ನಿಜ. ಆದರೆ ಬಾವಿನ ಕೋಶಗಳೂ ಸಕ್ಕರೆ ಹೀರುವುದರಿಂದ, ಅವಸರದಲ್ಲಿ ಮಾಡಿಸಿದ ಪೆಟ್ ಇಲ್ಲದ ರೋಗವನ್ನು ತೋರಿಸೀತು.

ಹಾಗೆಂದು ಕಪ್ಪು ಕಂಡೊಡನೆ ನಿಶ್ಚಿಂತರಾಗುವಂತಿಲ್ಲ. ಅಂಚಿನಲ್ಲಿ ಉಳಿದ ಬೆರಳೆಣಿಕೆಯ ಕೋಶಗಳನ್ನು ಯಾವ ಸ್ಕ್ಯಾನೂ ಹಿಡಿಯಲಾರದು. ಎಂಡೋಸ್ಕೋಪಿ, ಬಯಾಪ್ಸಿಗಳ ಅಗತ್ಯ ತಪ್ಪುವುದಿಲ್ಲ.

ಇದನ್ನೆಲ್ಲ ಅರಿಯುವ ಹೊಣೆಯನ್ನು ರೋಗಿಯ ಹೆಗಲಿಗೆ ಹೊರಿಸುವುದು ಸರಿಯಲ್ಲ. ಚಿಕಿತ್ಸೆಗೆ ಮುನ್ನವೇ ಹೋಲಿಕೆಗಾಗಿ ಅದೇ ಬಗೆಯ ಸ್ಕ್ಯಾನ್ ಆಗಿರಬೇಕು. ಮೊದಲ ಚಿತ್ರದಲ್ಲಿ ಗಡ್ಡೆ ಊದಿರಬಹುದೆಂದು ವೈದ್ಯರು ಮೊದಲೇ ತಿಳಿಸಿರಬೇಕು. ವರದಿಯಲ್ಲಿ ಒಟ್ಟು ಗಾತ್ರದ ಜೊತೆಗೆ ಜೀವಂತವಾಗಿರುವ ಭಾಗವೆಷ್ಟು ಎಂಬುದೂ ಬರೆದಿರಬೇಕು. ಇಷ್ಟಾದರೆ, ಒಂದು ಅಂಕಿಗೆ ಬೆದರಿ ನಡುವೆಯೇ ಚಿಕಿತ್ಸೆ ಬಿಡುವವರೂ, ಸಾಲ ಮಾಡಿ ಮತ್ತೊಂದು ಊರಿನಲ್ಲಿ ಮತ್ತೊಂದು ಸ್ಕ್ಯಾನ್ ಮಾಡಿಸುವವರೂ ಕಡಿಮೆಯಾದಾರು.