ಅಂಟಿಕೊಂಡ ಹೆಸರು

ಮನುಷ್ಯನಿಗೆ ವಿಧಿಸುವ ಶಿಕ್ಷೆಗಳಲ್ಲಿ ಕೆಲವಕ್ಕೆ ಅವಧಿಯುಂಟು, ಕೆಲವಕ್ಕೆ ಇಲ್ಲ. ನ್ಯಾಯಾಲಯ ಕೊಟ್ಟ ಸೆರೆವಾಸ ಒಂದು ದಿನ ಮುಗಿಯುತ್ತದೆ. ಜನರ ನಗೆ ಕೊಟ್ಟ ಅಡ್ಡಹೆಸರು ಮುಗಿಯುವುದೇ ಇಲ್ಲ. ಈ ಸತ್ಯವನ್ನು ಇತ್ತೀಚೆಗೆ ನಮಗೆ ನೆನಪಿಸಿದ್ದು ತತ್ವಶಾಸ್ತ್ರದ ಗ್ರಂಥವಲ್ಲ. ನಮ್ಮ ಧರ್ಮಕೇಂದ್ರದ ಬಾಲಕನೊಬ್ಬ ತಂದು ತೋರಿಸಿದ ಅಮೆರಿಕದ ಹಳೆಯ ಚಿತ್ರಕಥೆಗಳ ಮರುಮುದ್ರಣ ಸಂಪುಟ. "ಫಾದರ್, ಇವನನ್ನು ನೋಡಿ, ಅಂಟು ಎರಚುವ ವಿಲನ್!" ಎಂದು ಅವನು ನಕ್ಕ. ನಾವೂ ನಕ್ಕೆವು. ಆದರೆ ಆ ಪಾತ್ರದ ಕಥೆಯನ್ನು ಮೊದಲಿನಿಂದ ಓದಿದ ಮೇಲೆ ನಮ್ಮ ನಗೆ ಉಳಿಯಲಿಲ್ಲ.

ಅವನ ನಿಜನಾಮ ಪೀಟರ್ ಪೆಟ್ರುಸ್ಕಿ. ಜನ ಬಲ್ಲ ಹೆಸರು ಪೇಸ್ಟ್-ಪಾಟ್ ಪೀಟ್, ಎಂದರೆ ಅಂಟಿನ ಗಡಿಗೆಯ ಪೀಟ. ಮಾರ್ವೆಲ್ ಸಂಸ್ಥೆಯ 'ಸ್ಟ್ರೇಂಜ್ ಟೇಲ್ಸ್' ಪತ್ರಿಕೆಯ 104ನೆಯ ಸಂಚಿಕೆಯಲ್ಲಿ, 1963ರ ಜನವರಿಯಲ್ಲಿ, ಸ್ಟ್ಯಾನ್ ಲೀ, ಲ್ಯಾರಿ ಲೀಬರ್ ಹಾಗೂ ಜ್ಯಾಕ್ ಕರ್ಬಿ ಅವನನ್ನು ಸೃಷ್ಟಿಸಿದರು. ಒಂದು ಕೈಯಲ್ಲಿ ಅಂಟು ತುಂಬಿದ ಬಕೆಟ್ಟು, ಇನ್ನೊಂದು ಕೈಯಲ್ಲಿ ಅದಕ್ಕೆ ಕೊಳವೆಯಿಂದ ಜೋಡಿಸಿದ ಬಂದೂಕು, ತಲೆಯ ಮೇಲೆ ಜೋತುಬಿದ್ದ ದೊಡ್ಡ ಟೊಪ್ಪಿಗೆ. ಬ್ಯಾಂಕು ದೋಚಿದ, ಸೈನ್ಯದ ಕ್ಷಿಪಣಿಗೇ ಕೈಹಾಕಿದ. ಬೆಂಕಿಯ ರೂಪ ತಾಳುವ ತರುಣ ನಾಯಕ ಹ್ಯೂಮನ್ ಟಾರ್ಚ್ ಅವನನ್ನು ಎದುರಿಸಿದ. ಕೃತ್ಯ ಘೋರವಾದದ್ದೇ, ಆದರೆ ಬಕೆಟ್ಟು ಹಿಡಿದು ಬಂದವನಿಗೆ ಯಾರು ಹೆದರುತ್ತಾರೆ?

ಇನ್ನೊಂದು ಘಟನೆಯತ್ತ ಓದುಗರು ಗಮನ ಹರಿಸಬೇಕು. 1964ರ ಜುಲೈ ತಿಂಗಳ 'ಅವೆಂಜರ್ಸ್' 6ನೆಯ ಸಂಚಿಕೆಯಲ್ಲಿ ಬ್ಯಾರನ್ ಜೀಮೋ ಎಂಬ ದುಷ್ಟ, ಯಾವುದರಿಂದಲೂ ಬಿಡಿಸಲಾಗದ ಅಂಟೊಂದನ್ನು ಜನರ ಮೇಲೆ ಎರಚಿಸುತ್ತಾನೆ. ಮಹಾಪರಾಕ್ರಮಿಗಳಾದ ನಾಯಕರೂ ಅದರ ಮುಂದೆ ಕೈಚೆಲ್ಲುತ್ತಾರೆ. ಆಗ ಅವರು ಯಾರ ಮೊರೆ ಹೋಗುತ್ತಾರೆ? ಸೆರೆಮನೆಯಲ್ಲಿದ್ದ ಇದೇ ಪೀಟನ ಮೊರೆ! ಅಂಟಿನ ವಿದ್ಯೆಯಲ್ಲಿ ಅವನಿಗೆ ಸರಿಸಾಟಿಯಿಲ್ಲ. ಅವನು ನೆರವಾಗುತ್ತಾನೆ; ಅವನ ದ್ರಾವಣದಿಂದ ಸಿಕ್ಕಿಬಿದ್ದವರಿಗೆ ಬಿಡುಗಡೆಯಾಗುತ್ತದೆ. ಅಲ್ಲಿಯವರೆಗೆ ಜನರನ್ನು ಕಟ್ಟಿಹಾಕಲು ಬಳಸಿದ ಅದೇ ವಿದ್ಯೆಯನ್ನು ಬಿಡಿಸಲು ಬಳಸಿರೆಂದು ಕೇಳಿದಾಗ, ಅವನು ಬಿಡಿಸಿದ.

ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಒಂದು ವರ್ಷ ತುಂಬುವ ಮೊದಲೇ, 1965ರ ಮಾರ್ಚಿಯಲ್ಲಿ, 'ಫೆಂಟಾಸ್ಟಿಕ್ ಫೋರ್' 36ನೆಯ ಸಂಚಿಕೆಯಲ್ಲಿ ಅವನು ವಿಜರ್ಡ್, ಸ್ಯಾಂಡ್‌ಮ್ಯಾನ್, ಮೆಡ್ಯೂಸಾರೊಡನೆ ದುಷ್ಟಕೂಟವೊಂದನ್ನು ಸೇರಿದ. ಮೇ ತಿಂಗಳ 38ನೆಯ ಸಂಚಿಕೆಯಲ್ಲಿ ಹಳೆಯ ಹೆಸರನ್ನು ಕಳಚಿ, ಟ್ರ್ಯಾಪ್‌ಸ್ಟರ್ ಎಂಬ ಹೊಸ ಹೆಸರು ಧರಿಸಿದ; ಬೋನೊಡ್ಡಿ ಹಿಡಿಯುವವನೆಂದು ಅದರ ಭಾವ. ಆ ಸಲ ಅವನ ಕೂಟವೇ ಗೆದ್ದಿತು. ಆದರೂ ಫಲವೇನು? ಮುಂದಿನ ಕಥೆಗಳಲ್ಲಿ ಎದುರಾಳಿಗಳು ಹಳೆಯ ಹೆಸರನ್ನೇ ಎತ್ತಿ ಅವನನ್ನು ಹಂಗಿಸುತ್ತಾರೆ. ಎಲ್ಲವನ್ನೂ ಅಂಟಿಸಬಲ್ಲವನಿಗೆ ಆ ಹೆಸರೇ ಅಂಟಿಕೊಂಡಿತು. ಅದನ್ನು ಕರಗಿಸುವ ದ್ರಾವಣ ಮಾತ್ರ ಅವನಲ್ಲಿರಲಿಲ್ಲ. 1998ರ ಕಥೆಗಳಲ್ಲಿ ಅವನು ಹಣಕ್ಕಾಗಿ ಕೊಲೆಮಾಡಿ, ಅದನ್ನು ಸ್ಪೈಡರ್-ಮ್ಯಾನ್ ಮೇಲೆ ಹೊರಿಸುವ ಮಟ್ಟಕ್ಕೆ ಇಳಿಯುತ್ತಾನೆ.

ಹಾಸ್ಯಕ್ಕೆ ವಸ್ತುವಾದ ದೋಷ ನೋವುಂಟುಮಾಡದಂಥದು ಎಂದು ಅರಿಸ್ಟಾಟಲನ ಮತ. ಗುರುಮಠದ ದಿನಗಳಲ್ಲಿ ಇದನ್ನು ನಾವು ಬಾಯಿಪಾಠ ಮಾಡಿದ್ದೆವು. ಯಾರಿಗೆ ನೋವಿಲ್ಲ ಎಂದು ಕೇಳುವ ಬುದ್ಧಿ ಅಂದು ಬರಲಿಲ್ಲ. ನೋಡುವವನಿಗೆ ನೋವಿಲ್ಲ, ನಿಜ, ಆದರೆ ನಗೆಗೀಡಾದವನಿಗೆ? 1651ರಲ್ಲಿ ಪ್ರಕಟವಾದ 'ಲೆವಯಥನ್' ಗ್ರಂಥದಲ್ಲಿ ಇಂಗ್ಲೆಂಡಿನ ಥಾಮಸ್ ಹಾಬ್ಸ್ ಇನ್ನೂ ನಿಷ್ಠುರವಾಗಿ ನುಡಿಯುತ್ತಾನೆ: ಇನ್ನೊಬ್ಬನ ಕುಂದನ್ನು ಕಂಡು ತಾನು ಮೇಲಿನವನೆಂದು ಹಠಾತ್ತನೆ ಹಿಗ್ಗುವುದೇ ನಗೆ, ತಮ್ಮಲ್ಲಿ ಸತ್ವ ಕಡಿಮೆಯಿರುವವರೇ ಹೀಗೆ ಹೆಚ್ಚಾಗಿ ನಗುತ್ತಾರೆ. ಪೀಟನನ್ನು ಕಂಡು ನಕ್ಕಾಗ ನಮ್ಮಲ್ಲಿ ಉಕ್ಕಿದ್ದು ಇದೇ ಹಿಗ್ಗಲ್ಲವೇ?

ಕಳ್ಳನನ್ನು ಕಳ್ಳನೆನ್ನಬಾರದೇ ಎಂದು ಕೆಲವರು ಕೇಳಬಹುದು. ಅನ್ನಲೇಬೇಕು. ಪೀಟ ತಾನೇ ಆರಿಸಿಕೊಂಡ ಕೆಡುಕಿಗೆ ತಾನೇ ಹೊಣೆ. ಜನ ನಕ್ಕರೆಂಬುದು ಕೊಲೆಗೆ ನೆಪವಾಗಲಾರದು. ಆದರೆ ಕೃತ್ಯಕ್ಕೆ ಹೆಸರಿಡುವುದು ಬೇರೆ, ಕೃತ್ಯವನ್ನೇ ಮನುಷ್ಯನ ಹೆಸರಾಗಿಸುವುದು ಬೇರೆ. ಮೊದಲನೆಯದು ನ್ಯಾಯ, ಅದು ಶಿಕ್ಷೆಗೂ ತಿದ್ದುಪಡಿಗೂ ದಾರಿಯಾಗುತ್ತದೆ. ಎರಡನೆಯದು ದಾರಿಯನ್ನೇ ಮುಚ್ಚುತ್ತದೆ. ದೊಡ್ಡ ದುಷ್ಟನಿಗೆ ಜನ ಹೆದರುತ್ತಾರೆ. ಹೆದರಿಕೆಯಲ್ಲಿ ಒಂದು ಬಗೆಯ ಮರ್ಯಾದೆಯೂ ಅಡಗಿದೆ. ಸಣ್ಣ ತಪ್ಪಿತಸ್ಥನಿಗೆ ಅದೂ ದಕ್ಕುವುದಿಲ್ಲ. ಗೌರವ ಬೇಕಾದರೆ ಇನ್ನೂ ಕೆಟ್ಟವನಾಗಬೇಕೆಂಬ ಪಾಠವನ್ನು ನಾವೇ ಅವನಿಗೆ ಕಲಿಸುತ್ತೇವೆ.

ಬಹಳ ವರ್ಷಗಳ ಹಿಂದೆ ವಿದ್ಯಾರ್ಥಿನಿಲಯವೊಂದರ ಮೇಲ್ವಿಚಾರಣೆ ನಮ್ಮ ಪಾಲಿಗೆ ಬಂದಿತ್ತು. ಹುಡುಗನೊಬ್ಬ ಅಡುಗೆಮನೆಯಿಂದ ಬೆಲ್ಲ ಕದ್ದು ಸಿಕ್ಕಿಬಿದ್ದ. ನಾವು ಕೊಟ್ಟ ಶಿಕ್ಷೆ ಒಂದು ಸಂಜೆಯದು. ಗೆಳೆಯರು ಕೊಟ್ಟ 'ಬೆಲ್ಲ' ಎಂಬ ಹೆಸರು ಅವನು ಶಾಲೆ ಬಿಡುವವರೆಗೂ ಇತ್ತು. ಅದನ್ನು ತಡೆಯುವ ಅಧಿಕಾರವಿದ್ದೂ ನಾವು ತಡೆಯಲಿಲ್ಲ. ಒಂದೆರಡು ಬಾರಿ ನಾವೂ ಹಾಗೆಯೇ ಕರೆದದ್ದುಂಟು. ಅವನು ಬೆಟ್ಟದಂಥ ಕಟ್ಟಿಗೆಯನ್ನು ಒಬ್ಬನೇ ಒಡೆದು ಹಾಕುತ್ತಿದ್ದುದು ನೆನಪಿದೆ. ಅದಕ್ಕಾಗಿ ಅವನನ್ನು ಯಾರೂ ಯಾವ ಹೆಸರಿನಿಂದಲೂ ಕರೆಯಲಿಲ್ಲ. ಇಂದು ಎಷ್ಟು ಯೋಚಿಸಿದರೂ ಅವನ ನಿಜವಾದ ಹೆಸರು ನೆನಪಿಗೆ ಬಾರದು. ಈ ಸಾಲನ್ನು ಬರೆಯಲು ನಮಗೆ ನಾಚಿಕೆಯಾಗುತ್ತದೆ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿ, ಕಚೇರಿಯಲ್ಲಿ, ಬೀದಿಯಲ್ಲಿ ಹಳೆಯ ತಪ್ಪೊಂದನ್ನೇ ಹೆಸರಾಗಿ ಹೊತ್ತು ತಿರುಗುವವರು ಇದ್ದಾರು. ಅವರಿಗೆ ಉಪದೇಶ ಬೇಡ. ಅವರು ಬಲ್ಲ ಕೆಲಸವೊಂದನ್ನು ಮಾಡಿಕೊಡಿರೆಂದು ಕೇಳಿ. ಕೇಳುವಾಗ ನಿಜವಾದ ಹೆಸರಿನಿಂದ ಕರೆಯಿರಿ. ಕೆಲಸ ಮುಗಿದ ಮೇಲೆಯೂ ಹಾಗೆಯೇ ಕರೆಯಿರಿ.

ಮರುವಾರ ಬಾಲಕ ಪುಸ್ತಕ ಕೇಳಲು ಬಂದ. "ಅಂಟಿನವನ ಹೆಸರೇನು ಮಗೂ?" ಎಂದೆವು. "ಪೇಸ್ಟ್-ಪಾಟ್ ಪೀಟ್" ಎಂದ. "ಅದಲ್ಲ, ಅವನ ಹೆಸರು?" ಎಂದಾಗ ತಲೆ ಕೆರೆದುಕೊಂಡ. ಪುಟ ತೆರೆದು ತೋರಿಸಿ, ಪುಸ್ತಕವನ್ನು ಅವನ ಕೈಗಿತ್ತೆವು.