ಮೂಗುತಿ ಮುಟ್ಟಿದರೆ ಅಜ್ಜಿ

ಹುಟ್ಟಿನಿಂದ ಕಿವಿ ಕೇಳದ, ಶಾಲೆಗೂ ಸರಿಯಾಗಿ ಹೋಗದ ಮಕ್ಕಳು ಮನೆಯಲ್ಲೇ ತಮ್ಮದೊಂದು ಸನ್ನೆಯ ಮಾತು ಕಟ್ಟಿಕೊಂಡಿರುತ್ತವೆ. ಮೂಗುತಿಯ ಜಾಗ ಮುಟ್ಟಿದರೆ ಅಜ್ಜಿ, ಮೀಸೆ ತಿರುವಿದರೆ ಕಾಕಾ, ತಲೆಗೆ ಪಟಗ ಸುತ್ತಿದಂತೆ ಮಾಡಿದರೆ ಗೌಡರು. ಇದು ಮನೆಯವರಿಗೆ ಗೊತ್ತು, ಓಣಿಯ ಗೆಳತಿಯರಿಗೆ ಗೊತ್ತು, ಅಷ್ಟೆ.

ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿಯಂಥ ಊರಿನಿಂದ ಅಂಥ ಮಗುವೊಂದು ತನಗಾದ ಅನ್ಯಾಯ ಹೇಳಲು ಹಾವೇರಿಯ ಕೋರ್ಟಿಗೆ ಹೋಗಬೇಕಾಯಿತು ಎಂದುಕೊಳ್ಳಿ. ಕಾನೂನೇನೋ ಮಗುವಿನ ಕಡೆಗಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆಯಂತೆ ಹೇಳಿಕೆ ಬರೆದುಕೊಳ್ಳುವ ಪೊಲೀಸರು ಸಮವಸ್ತ್ರದಲ್ಲಿರುವಂತಿಲ್ಲ. ಆರೋಪಿ ಮಗುವಿನ ಕಣ್ಣಿಗೆ ಬೀಳಬಾರದು. ವಕೀಲರು ನೇರವಾಗಿ ಕೇಳುವ ಹಾಗಿಲ್ಲ, ಅವರ ಪ್ರಶ್ನೆಯನ್ನು ನ್ಯಾಯಾಧೀಶರೇ ಕೇಳಬೇಕು. ಅಂಗವೈಕಲ್ಯವಿದ್ದರೆ ವಿಶೇಷ ಶಿಕ್ಷಕರ, ತಜ್ಞರ ಅಥವಾ ಮಗುವಿನ ಸಂವಹನದ ರೀತಿ ಬಲ್ಲವರ ನೆರವು ಪಡೆಯಬಹುದು ಎನ್ನುತ್ತದೆ 38ನೇ ಕಲಂ.

ತೊಡಕು ಶುರುವಾಗುವುದೇ ಅಲ್ಲಿ. ದೂರದ ನಗರದಿಂದ ಬಂದ ತಜ್ಞರಿಗೆ ಭಾರತೀಯ ಸನ್ನೆ ಭಾಷೆ ಗೊತ್ತು, ಈ ಮನೆಯ ಸನ್ನೆ ಗೊತ್ತಿಲ್ಲ. ತಾಯಿಗೆ ಎಲ್ಲ ಗೊತ್ತು. ಆದರೆ ಆಕೆ ಬಾಯಿ ತೆರೆದೊಡನೆ, ಇದು ಹೇಳಿಕೊಟ್ಟ ಸಾಕ್ಷಿ ಎಂದು ಎದುರು ವಕೀಲರು ಎದ್ದು ನಿಲ್ಲುತ್ತಾರೆ. ಹಾಗೆ ನಿಲ್ಲುವುದು ಅವರ ಕೆಲಸ, ಬೈಯುವಂತಿಲ್ಲ. ಆರೋಪಿ ಮನೆಯವನೇ ಆಗಿದ್ದರಂತೂ ತಾಯಿಯೇ ಇಬ್ಬಂದಿಗೆ ಸಿಕ್ಕಿರುತ್ತಾಳೆ.

ಕಣ್ಣು ಕಾಣದ ಆಂಧ್ರದ ಯುವತಿಯೊಬ್ಬಳು ದನಿಯಿಂದಲೇ ಅಪರಾಧಿಯನ್ನು ಗುರುತಿಸಿದ ಪ್ರಕರಣದಲ್ಲಿ, ಅಂಗವಿಕಲರ ಸಾಕ್ಷ್ಯ ಯಾರದಕ್ಕಿಂತಲೂ ಕಡಿಮೆಯಲ್ಲ ಎಂದು 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮರುವರ್ಷ, ಇಂಥ ಸಾಕ್ಷಿಗಳಿಗೆ ಪ್ರತ್ಯೇಕ ಹೇಳಿಕೆ ಕೇಂದ್ರಗಳಾಗಬೇಕು ಎಂದಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ, ಮಾತು ಬಾರದವರು ದುಭಾಷಿಯ ನೆರವಿನಿಂದ ಹೇಳಿದ್ದನ್ನು ವಿಡಿಯೊ ಮಾಡಲೇಬೇಕು. ಇದು ಒಳ್ಳೆಯದು, ಮುಂದೆ ಮೇಲ್ಮನವಿಯಲ್ಲಿ ಮಗುವಿನ ಕೈಯನ್ನೇ ನೋಡಬಹುದು. ಕೋಣೆ, ಪರದೆ, ಕ್ಯಾಮೆರಾ ದುಡ್ಡಿದ್ದರೆ ಬರುತ್ತವೆ. ಆ ಕೈಯನ್ನು ಓದುವವರು?

ಅವರು ಹತ್ತಿರದಲ್ಲೇ ಇದ್ದಾರೆ. ಸಮಗ್ರ ಶಿಕ್ಷಣದಡಿ ಮನೆಗೇ ಬಂದು ಕಲಿಸುವ ತಾಲೂಕಿನ ವಿಶೇಷ ಶಿಕ್ಷಕರು, ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂಗನವಾಡಿಯ ಅಕ್ಕೋರು. ಮಗುವನ್ನು ಬಲ್ಲರು, ಮನೆಯವರಲ್ಲ. ದುಭಾಷಿಗಳ, ವಿಶೇಷ ಶಿಕ್ಷಕರ ಪಟ್ಟಿಯನ್ನು ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇಟ್ಟಿರಬೇಕು, ಅವರಿಗೆ ಸಂಭಾವನೆಯನ್ನೂ ಕೊಡಬೇಕು ಎಂದು 2020ರ ಪೋಕ್ಸೊ ನಿಯಮಗಳಲ್ಲೇ ಇದೆ. ಪ್ರಕರಣ ಬಂದ ಮೇಲೆ ಹುಡುಕುವ ಬದಲು, ತಾಲೂಕುವಾರು ಇವರ ಹೆಸರು ಈಗಲೇ ಬರೆದು, ಕೋರ್ಟಿನ ರೀತಿನೀತಿ ಕಲಿಸಿಡಲಿ.

ನಿಮ್ಮ ಓಣಿಯಲ್ಲಿ ಅಂಥ ಮಗುವಿದ್ದರೆ ಅದರ ನಾಲ್ಕು ಸನ್ನೆ ನೀವೂ ಕಲಿಯಿರಿ. ಅನುಮಾನ ಬಂದರೆ 1098ಕ್ಕೆ, ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ.